ಗೋಡೆ ಬದಿಯ ಜಾಗ

ಆ ಬೆಳಿಗ್ಗೆ ಬೇಬಿ ಕುಮಾರಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಮೊಸರಿಗೆ ಹಾಕಿದ ಅವಲಕ್ಕಿ ನೆನೆದು ಮುದ್ದೆಯಾಗಿ ತಟ್ಟೆಯಲ್ಲೇ ಉಳಿಯಿತು. ಎರಡು ತುತ್ತು ಬಾಯಿಗಿಟ್ಟು ಎದ್ದಳು, ಕಿಟಕಿಯ ಹತ್ತಿರ ಹೋಗಿ ಗಲ್ಲಿಯಲ್ಲಿ ಯಾರು ಯಾರು ಹೋಗುತ್ತಿದ್ದಾರೆಂದು ಇಣುಕಿದಳು, ದುಪಟ್ಟಾಕ್ಕೆ ಪಿನ್ನು ಚುಚ್ಚಿದಳು, ಕಿತ್ತಳು, ಮತ್ತೆ ಚುಚ್ಚಿದಳು. ಲಾಡ್ಜಿನ ಕೋಣೆಯಲ್ಲಿ ಅವಳ ಜೊತೆಗಿದ್ದ ನೂತನ್ ಹಾಸಿಗೆ ಬಿಟ್ಟೇಳದೆ ಈ ಆಟವನ್ನೆಲ್ಲ ನೋಡುತ್ತಿದ್ದಳು.

"ದೀದಿ, ನೀವು ಪಾಠ ಹೇಳೋಕೆ ಹೊರಟಿದ್ದೀರೋ, ಗಂಡಿನ ಕಡೆಯವರಿಗೆ ಮುಖ ತೋರಿಸೋಕೆ ಹೊರಟಿದ್ದೀರೋ?"

"ಗಂಡಿನ ಕಡೆಯವರಾದ್ರೆ ಒಂದು ಜೀಪಲ್ಲಿ ಬರ್ತಾರೆ, ತಿಂಡಿ ತಿಂದು ಹೋಗ್ತಾರೆ. ಇಲ್ಲಿ ಒಂದು ಹಾಲ್ ತುಂಬ ಬಂದು ಕೂತಿರ್ತಾರೆ ಕಣೇ. ಒಬ್ಬೊಬ್ಬನೂ ಮಾವನ ಹಾಗೆ ಮುಖ ಮಾಡ್ಕೊಂಡು."

"ಹಾಗಾದ್ರೆ ಅಷ್ಟು ಜನಾನೂ ಒಪ್ಪಿಸ್ಕೊಂಡು ಬನ್ನಿ," ಎಂದು ನೂತನ್ ಮಗ್ಗುಲಾದಳು.

ಒಪ್ಪಿಸಬೇಕಾಗಿದ್ದುದು ನಿಜವೇ. ಪಟ್ನಾದ ಆ ಗಲ್ಲಿಯಲ್ಲಿ ಒಂದಕ್ಕೊಂದು ಅಂಟಿಕೊಂಡು ನಿಂತ ಕೋಚಿಂಗುಗಳಲ್ಲಿ ತ್ರಿಪುರಾರಿ ಸರ್ ಅವರ ಇಂಗ್ಲಿಷ್ ಕೋಚಿಂಗ್ ಹಳೆಯದು, ದೊಡ್ಡದು. ಅಲ್ಲಿ ಬೇಬಿ ಡೌಟ್ ಕೌಂಟರಿನವಳು. ಸರ್ ಮೈಕು ಹಿಡಿದು ಪಾಠ ಹೇಳಿ ಕೆಳಗಿಳಿದ ಮೇಲೆ, ಅರ್ಥವಾಗದ ಹುಡುಗರೆಲ್ಲ ಮೆಟ್ಟಿಲ ಪಕ್ಕದ ಕಿಂಡಿಯ ಮುಂದೆ ಸಾಲು ನಿಲ್ಲುತ್ತಿದ್ದರು. ಕಿಂಡಿಯ ಆಚೆ ಬೇಬಿ ಇರುತ್ತಿದ್ದಳು. ಝಂಝಾರ್‌ಪುರದಿಂದ ಬ್ಯಾಂಕ್ ಪರೀಕ್ಷೆ ಬರೆಯಲು ಬಂದವಳು ಆಕೆ. ಕೂದಲೆಳೆಯಲ್ಲಿ ಆಯ್ಕೆ ತಪ್ಪಿ ತಪ್ಪಿ, ಕಡೆಗೆ ಬರೆಯುವುದಕ್ಕಿಂತ ಬಿಡಿಸಿ ಹೇಳುವುದೇ ತನಗೆ ಒಗ್ಗುತ್ತದೆಂದು ಕಂಡುಕೊಂಡು ಉಳಿದಿದ್ದಳು. ಈಗ ಅವಳಿಗೆ ಕಿಂಡಿ ಸಾಕಾಗಿತ್ತು. ಒಂದು ಬ್ಯಾಚು ಬೇಕಿತ್ತು, ಗೇಟಿನ ಬೋರ್ಡಿನಲ್ಲಿ ತನ್ನ ಹೆಸರು ಬೇಕಿತ್ತು.

"ನೋಡೋಣ, ನೋಡೋಣ" ಎಂದು ಸರ್ ವರ್ಷಗಳನ್ನೇ ದೂಡಿದರು. ಅಷ್ಟರಲ್ಲಿ ಎದುರು ಕೋಚಿಂಗಿನ ಗಜೇಂದ್ರ ಸರ್ ಅವಳಿಗೆ ಗಾಳ ಹಾಕುತ್ತಿದ್ದಾರೆಂಬ ಸುದ್ದಿ ಹಬ್ಬಿತು. ತ್ರಿಪುರಾರಿ ಸರ್ ಮರುದಿನವೇ ಎಲ್ಲರ ಮುಂದೆ ಎದ್ದು ನಿಂತು ಹೇಳಿದರು. ಬೆಳಗಿನ ಬ್ಯಾಚಿಗೆ ಬೇಬಿ ಡೆಮೊ ಕ್ಲಾಸು ಕೊಡಲಿ. ಪಾಠ ಮುಗಿದಾಗ ಅರ್ಧಕ್ಕಿಂತ ಹೆಚ್ಚು ಹಾಲ್ ಕೂತಿದ್ದರೆ ಬ್ಯಾಚು ಅವಳದು, ಬೋರ್ಡಿನಲ್ಲಿ ಹೆಸರೂ ಅವಳದೇ. ಹಾಲ್ ಖಾಲಿಯಾದರೆ ಈ ಮಾತು ಮತ್ತೆ ಎತ್ತಕೂಡದು. ಎಲ್ಲರೂ ಚಪ್ಪಾಳೆ ತಟ್ಟಿದರು. ಸರ್ ಅವರ ಹೆಂಡತಿಯ ತಮ್ಮ ಉಪೇಂದ್ರ, ಕೋಚಿಂಗಿನ ಮ್ಯಾನೇಜರು, ಚಪ್ಪಾಳೆಯ ನಡುವೆ ತನ್ನದೊಂದು ಸೇರಿಸಿದ.

"ಬೋರ್ಡಲ್ಲಿ ಬೇಬಿ ಅಂತ ಬರೆಸಿದ್ರೆ ಜನ ಅಂಗನವಾಡಿ ಅಂದ್ಕೊಂಡಾರು, ಮೇಡಂ. ಹೆಸರು ಬದಲಾಯಿಸ್ಕೊಳಿ."

ಹೆಸರು ಅವಳು ಇಟ್ಟುಕೊಂಡದ್ದಲ್ಲ. ಊರಿನ ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರು ಕೇಳಿದರು, ಅಪ್ಪ ಮನೆಯಲ್ಲಿ ಕರೆಯುವುದನ್ನೇ ಹೇಳಿದ. ಆ ಹೆಸರಲ್ಲೇ ಡಿಗ್ರಿ ಮುಗಿಯಿತು, ಅಪ್ಪನೂ ತೀರಿಕೊಂಡ. ಬದಲಾಯಿಸುವ ಮಾತು ಬಂದಾಗಲೆಲ್ಲ ಬೇಬಿಗೆ ಸಿಟ್ಟು ನೆತ್ತಿಗೇರುತ್ತಿತ್ತು.

ಗಲ್ಲಿಗಿಳಿದಳು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಗೋಡೆಗೋಡೆಯ ಮೇಲೂ ಹೆಬ್ಬೆರಳೆತ್ತಿ ನಗುತ್ತಿರುವ ತ್ರಿಪುರಾರಿ ಸರ್. ಆ ಹೆಬ್ಬೆರಳೇ ಅವರ ಅನ್ನ. ಇಂಗ್ಲಿಷ್ ವಾಕ್ಯದಲ್ಲಿ ಆಫ್, ಇನ್, ವಿತ್ ಎಂಬ ಪದ ಕಂಡರೆ ಅಲ್ಲಿಂದ ಹಿಡಿದು ಅದರ ಬಾಲದ ನಾಮಪದದವರೆಗೆ ಹೆಬ್ಬೆರಳು ಒತ್ತಿ ಮುಚ್ಚಿಬಿಡಿ, ಉಳಿದದ್ದನ್ನು ಓದಿ, ಉತ್ತರ ತಾನೇ ಬರುತ್ತದೆ. ಇಷ್ಟೇ ಆ ವಿದ್ಯೆ. ಬಿಹಾರದ ಅರ್ಧ ಗುಮಾಸ್ತರು ಈ ಹೆಬ್ಬೆರಳಿನಿಂದಲೇ ಕೆಲಸಕ್ಕೆ ಸೇರಿದ್ದೆಂದು ಸರ್ ಹೇಳಿಕೊಳ್ಳುತ್ತಿದ್ದರು. ಪರೀಕ್ಷೆಗಳು ಕಂಪ್ಯೂಟರಿಗೆ ಬಂದ ಮೇಲೆ ಹುಡುಗರು ಪರದೆಗೇ ಹೆಬ್ಬೆರಳು ಒತ್ತಿ, ಕಾವಲಿನವರಿಂದ ಬೈಸಿಕೊಂಡು ಬರುತ್ತಿದ್ದರು. ವಾಕ್ಯ ಸ್ವಲ್ಪ ಉದ್ದವಾಗಿ, ಒಂದು ಆಫ್‌ನ ಬಾಲಕ್ಕೆ ಇನ್ನೊಂದು ವಿತ್ ಗಂಟುಬಿದ್ದರೆ ಸಾಕು, ಬೇಬಿಯ ಕಿಂಡಿಯ ಮುಂದೆ ಬಂದು ನಿಲ್ಲುತ್ತಿದ್ದರು. "ಮೇಡಂ, ಹೆಬ್ಬೆರಳು ಎಲ್ಲಿಡೋದು?"

ರಾಮಾಶೀಷ್ ಚಾಚಾನ ಲಿಟ್ಟಿ ಅಂಗಡಿಯ ಮುಂದೆ ಅವಳ ಕಾಲು ತಡೆಯಿತು. ಕೆಂಡದ ಸುತ್ತ ಛೋಟನ್ ಮತ್ತವನ ಪಟಾಲಂ ಬೆಳಬೆಳಿಗ್ಗೆಯೇ ಸುಟ್ಟ ಹಿಟ್ಟಿನುಂಡೆ ಲಿಟ್ಟಿಯನ್ನು ಚೋಖಾ ಗೊಜ್ಜಿನ ಜೊತೆ ಬಾರಿಸುತ್ತಿತ್ತು.

ಛೋಟನ್ ಬೆಳಿಗ್ಗೆಯೇ ಹೊಟ್ಟೆ ತುಂಬ ತಿನ್ನುತ್ತಿದ್ದಾನೆಂದರೆ ಯಾವುದೋ ಡೆಮೊ ಕ್ಲಾಸಿಗೆ ಕಲ್ಲು ಬಿತ್ತೆಂದೇ ಅರ್ಥ. ಅವನು ಏಳುವ ಪಾರ್ಟಿಯ ಮುಖಂಡ.

ಡೆಮೊ ಕ್ಲಾಸಿಗೆ ಯಾರು ಬೇಕಾದರೂ ಬಂದು ಕೂರಬಹುದು, ಹಿಡಿಸದಿದ್ದರೆ ಎದ್ದು ಹೋಗಬಹುದು. ಆದರೆ ಆ ಹಾಲ್‌ಗಳಲ್ಲಿ ಎದ್ದು ಹೋಗುವುದು ಒಬ್ಬನ ಕೆಲಸವಲ್ಲ. ಬೆಂಚುಗಳು ಗೋಡೆಗೆ ಅಂಟಿ ಶುರುವಾಗಿ ನಡುವಿನ ಓಣಿಯವರೆಗೆ ಬರುತ್ತವೆ, ಜನ ಅವುಗಳಲ್ಲಿ ತೊಡೆಗೆ ತೊಡೆ ಒತ್ತಿ ಕೂತಿರುತ್ತಾರೆ. ಗೋಡೆ ಬದಿಯವನು ಹೊರಗೆ ಬರಬೇಕೆಂದರೆ ಇಡೀ ಬೆಂಚು ಎದ್ದು ನಿಲ್ಲಬೇಕು. ಎದ್ದು ನಿಂತವನಿಗೆ ಬೆನ್ನು ಹಗುರಾಗುತ್ತದೆ, ಗಾಳಿ ಬೀಸಿದಂತಾಗುತ್ತದೆ, ಹೊರಗಿನ ಚಹಾ ನೆನಪಾಗುತ್ತದೆ. ಮತ್ತೆ ಕೂರುವವರು ಅರ್ಧ, ಹೋಗುವವರು ಅರ್ಧ. ಹೀಗಾಗಿ ಎದುರಾಳಿಯ ಡೆಮೊ ಕೆಡಿಸಬೇಕೆಂದವರು ಛೋಟನ್‌ನ ಹುಡುಗರಿಗೆ ಲಿಟ್ಟಿ ತಿನ್ನಿಸಿ, ಗೋಡೆ ಬದಿಯ ಜಾಗ ಹಿಡಿಸಿ ಕೂರಿಸುತ್ತಿದ್ದರು. ಪಾಠ ಇನ್ನೇನು ಕುದುರಬೇಕು ಎನ್ನುವಾಗ ಮೊದಲು ಛೋಟನ್ ಏಳುತ್ತಿದ್ದ, ಆಮೇಲೆ ಉಳಿದವರು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹಾಲ್ ಬರಿದು.

ಇದೆಲ್ಲ ಬೇಬಿಗೆ ಹೊಸದಲ್ಲ. ನೋವಾದದ್ದು ಛೋಟನ್‌ನನ್ನು ನೋಡಿ. ಪರೀಕ್ಷೆ ಬರೆದು ಬರೆದು ವಯಸ್ಸಿನ ಮಿತಿಯ ಹೊಸ್ತಿಲಿಗೆ ಬಂದವನು. ಅವಳ ಕಿಂಡಿಗೆ ದಿನಾ ಬರುತ್ತಿದ್ದವನು, ಬೈದರೂ ನಗುತ್ತಿದ್ದವನು. ಗಜೇಂದ್ರ ಸರ್ ಅವರ ಎರಡು ಲಿಟ್ಟಿಗೆ ಇವನು ತನ್ನನ್ನು ಮಾರಿಬಿಟ್ಟನಲ್ಲ ಎಂದುಕೊಂಡಳು.

"ಪ್ರಣಾಮ, ಮೇಡಂ!" ಛೋಟನ್ ಲಿಟ್ಟಿಯ ಎಲೆ ಬೆನ್ನ ಹಿಂದೆ ಮರೆಮಾಡಿಕೊಂಡ.

"ತಿನ್ನು, ತಿನ್ನು. ಎದ್ದು ಹೋಗೋಕೆ ಕಾಲಲ್ಲಿ ಕಸುವು ಬೇಕಲ್ಲ."

ಛೋಟನ್ ತಲೆ ತಗ್ಗಿಸಿದ. ಅಂಗಡಿಯ ಒಳಗಿಂದ ಉಪೇಂದ್ರ ಹೊರಬಂದ. ಅವನು ಅಲ್ಲಿರುವುದನ್ನು ಅವಳು ಗಮನಿಸಿಯೇ ಇರಲಿಲ್ಲ.

"ನೀವು ನಡೀರಿ ಮೇಡಂ, ಕ್ಲಾಸಿಗೆ ಹೊತ್ತಾಯ್ತು. ಇವರ ಜೊತೆ ನಾನು ಮಾತಾಡ್ತಿದ್ದೀನಿ."

ಅಂಗನವಾಡಿ ಎಂದು ಅಣಕಿಸಿದವನಿಗೂ ಒಂದು ಮನಸ್ಸಿದೆ, ಈ ಪಾರ್ಟಿಯನ್ನು ತಡೆಯಲು ಬಂದಿದ್ದಾನೆ ಎಂದು ಬೇಬಿಗೆ ಸಮಾಧಾನವಾಯಿತು. ಕೈ ಮುಗಿದು ಮುಂದೆ ನಡೆದಳು.

ಮೆಟ್ಟಿಲು ಹತ್ತಿ ಬಂದಾಗ ಹಾಲ್ ಕಿಕ್ಕಿರಿದಿತ್ತು. ತಗಡಿನ ಮಾಡಿನ ಕೆಳಗೆ ಫ್ಯಾನುಗಳು ಬಿಸಿಗಾಳಿಯನ್ನೇ ತಿರುವಿ ಹಾಕುತ್ತಿದ್ದವು. ಜಾಗ ಹಿಡಿಯಲು ಹಾಸಿದ ಗಂಚಾ ಟವೆಲುಗಳಿಗಾಗಿ ಅಲ್ಲಲ್ಲಿ ಜಗಳ ನಡೆದಿತ್ತು. ಹಿಂದಿನವರಿಗಾಗಿ ನೇತುಹಾಕಿದ ಟೀವಿಗಳಲ್ಲಿ ಖಾಲಿ ಬೋರ್ಡು ಕಾಣುತ್ತಿತ್ತು. ಪಕ್ಕದ ಮಹಡಿಯ ತಂಪು ಕೋಣೆಯಲ್ಲಿ ತ್ರಿಪುರಾರಿ ಸರ್ ಕೂಡ ಇಂಥದೇ ಒಂದು ಟೀವಿಯ ಮುಂದೆ ಕೂತು ನೋಡುತ್ತಿದ್ದಾರೆಂದು ಬೇಬಿಗೆ ತಿಳಿದಿತ್ತು. ವೇದಿಕೆ ಹತ್ತಿದವಳೇ ಎಡಗಡೆಯ ಗೋಡೆಯತ್ತ ಕಣ್ಣು ಹಾಯಿಸಿದಳು. ನಾಲ್ಕನೆಯ ಬೆಂಚಿನಲ್ಲಿ, ಗೋಡೆಗೆ ಒರಗಿ, ಛೋಟನ್ ಕೂತಿದ್ದ. ಬಲಗಡೆಯ ಗೋಡೆಗೆ ಅವನ ಗೆಳೆಯರು. ಹಿಂದೆಯೂ ಇಬ್ಬರು. ಉಪೇಂದ್ರನ ಮಾತು ನಾಟಲಿಲ್ಲ ಎಂದುಕೊಂಡಳು. ಮೈಕು ಕೈಗೆತ್ತಿಕೊಂಡಳು.

ಬೋರ್ಡಿನ ಮೇಲೆ ಬರೆದಳು: ದಿ ಬಾಸ್ಕೆಟ್ ಆಫ್ ಲಿಚೀಸ್. ಮುಂದೆ ಒಂದು ಖಾಲಿ ಗೆರೆ. ಕೊನೆಗೆ ಹೆವಿ.

"ಲಿಚಿಗಳ ಬುಟ್ಟಿ ಭಾರವಾಗಿದೆ. ಗೆರೆ ಮೇಲೆ ಈಸ್ ಬರುತ್ತೋ, ಆರ್ ಬರುತ್ತೋ?"

ಹಾಲ್ ತುಂಬ ಹೆಬ್ಬೆರಳುಗಳು ಎದ್ದವು. "ಮುಚ್ಚಿ, ಮೇಡಂ, ಮುಚ್ಚಿ!" "ಆಫ್ ಲಿಚೀಸ್ ಔಟ್!" "ಈಸ್! ಮುಗೀತು!" ಹಿಂದಿನಿಂದ ಯಾರೋ ಕೂಗಿದ: "ಇದನ್ನ ಸರ್ ಎಂದೋ ಹೇಳಿಯಾಗಿದೆ, ಹೊಸದೇನಾದ್ರೂ ಇದೆಯಾ?"

"ಮುಚ್ಚದೆ ಹೇಳಿ, ಯಾಕೆ ಈಸ್?"

"ಯಾಕೆ ಅಂತ ಪರೀಕ್ಷೇಲಿ ಕೇಳಲ್ಲ, ಮೇಡಂ!" ನಗು ಹಾಲಿನ ಆ ತುದಿಯಿಂದ ಈ ತುದಿಗೆ ಹರಿಯಿತು. ಜನ ಕೂತಲ್ಲೇ ಮಿಸುಕಾಡತೊಡಗಿದರು, ಚಪ್ಪಲಿಗಳು ನೆಲಕ್ಕೆ ಉಜ್ಜಿದವು. ಬೇಬಿ ಎರಡನೆಯ ವಾಕ್ಯಕ್ಕೆ ತಿರುಗುವಷ್ಟರಲ್ಲಿ ಅವಳು ಹೆದರಿದ್ದೇ ಆಯಿತು. ಛೋಟನ್ ಎದ್ದು ನಿಂತ. ಬೆನ್ನಿನ ಧೂಳು ಫಟಫಟನೆ ಹೊಡೆದುಕೊಂಡು, ಯಾರ ಮುಖವನ್ನೂ ನೋಡದೆ, "ದಾರಿ ಬಿಡ್ರಪ್ಪ" ಎಂದ.

ಇಡೀ ಬೆಂಚು ಎದ್ದು ನಿಂತಿತು. ಬಲಗಡೆಯ ಗೋಡೆಯವರು ಗಂಚಾ ಹೆಗಲಿಗೆ ಹಾಕಿಕೊಂಡರು. ಇನ್ನೊಂದು ಗಳಿಗೆ, ಆಮೇಲೆ ಮತ್ತೆ ಕಿಂಡಿ, ಸಾಯುವವರೆಗೂ ಕಿಂಡಿ. ಹೆದರಿಕೆ ಯಾವಾಗ ಸಿಟ್ಟಾಯಿತೋ ಅವಳಿಗೇ ತಿಳಿಯಲಿಲ್ಲ.

"ಯಾರೂ ಕೂರಬೇಡಿ!" ಎಂದು ಮೈಕಿನಲ್ಲಿ ಅರಚಿದಳು. "ಯಾರೂ ಹೊರಡಲೂ ಬೇಡಿ! ಆ ಬೆಂಚು ಹಾಗೇ ನಿಂತಿರ್ಲಿ!"

ಕೂರಿ ಎಂದು ಬೇಡಿಕೊಂಡ ಮೇಷ್ಟರುಗಳನ್ನು ಆ ಹುಡುಗರು ನೋಡಿದ್ದರು. ಕೂರಬೇಡಿ ಎಂದವರನ್ನು ನೋಡಿರಲಿಲ್ಲ. ಬೆಂಚಿನವರು ಪಿಳಿಪಿಳಿ ನೋಡುತ್ತ ನಿಂತರು. ಬೇಬಿ ವೇದಿಕೆಯಿಂದ ಇಳಿದು ಓಣಿಯಲ್ಲಿ ಅವರ ಹತ್ತಿರ ಬಂದಳು.

"ಗೋಡೆ ಹತ್ರ ನಿಂತಿರೋನು ಬುಟ್ಟಿ. ಏ ಛೋಟನ್, ನೀನೇ. ನಡುವೆ ಇರೋರೆಲ್ಲ ಲಿಚಿಗಳು. ಈ ಕಡೆ ತುದೀಲಿ, ಓಣಿ ಪಕ್ಕ ಇದ್ದೀಯಲ್ಲ, ನೀನು ಕ್ರಿಯಾಪದ. ಹೆಸರೇನಪ್ಪಾ?"

"ಮೃತ್ಯುಂಜಯ, ಮೇಡಂ."

"ಮೃತ್ಯುಂಜಯ, ಬುಟ್ಟಿ ಒಬ್ಬನೇ ಇದ್ರೆ ನೀನು ಈಸ್. ಬಹಳ ಜನ ಇದ್ರೆ ಆರ್. ಈಗ ನಿನ್ನ ಪಕ್ಕ ಯಾರಿದ್ದಾರೆ?"

"ಲಿಚಿಗಳು."

"ಲಿಚಿಗಳೇ, ಇವನನ್ನ ಎಳೀರಿ. ನಮ್ಮ ಮಾತು ಕೇಳು ಅನ್ನಿ."

ಲಿಚಿಗಳಿಗೆ ಇಷ್ಟು ಸಾಕಾಯಿತು. "ಆರ್! ಆರ್! ಆರ್ ಅನ್ನೋ!" ಎಂದು ಮೃತ್ಯುಂಜಯನ ಅಂಗಿ ಜಗ್ಗಿದರು. ಅವನು ವಾಲಾಡಿದ, ಹಾಲ್ ಗೊಳ್ಳೆಂದಿತು.

"ನೋಡಿದ್ರಾ? ಬುಟ್ಟಿ ದೂರದಲ್ಲಿ ಗೋಡೆಗೆ ಸಿಕ್ಕಿಹಾಕ್ಕೊಂಡಿದೆ. ಪಕ್ಕದಲ್ಲಿ ಇಷ್ಟು ಲಿಚಿಗಳು ಗದ್ದಲ ಮಾಡ್ತಿವೆ. ಇಂಗ್ಲಿಷಲ್ಲಿ ಆಫ್ ಅನ್ನೋದು ಲಿಚಿಗಳನ್ನ ತಂದು ಬುಟ್ಟಿಗೂ ಕ್ರಿಯಾಪದಕ್ಕೂ ನಡುವೆ ಕೂರಿಸುತ್ತೆ. ಪಕ್ಕದವರ ಮಾತು ಕೇಳಿದ್ರೆ ಕೆಟ್ಟೆ. ಮೃತ್ಯುಂಜಯ, ಇವರ ತಲೆ ಮೇಲಿಂದ ನೋಡು. ಗೋಡೆ ಹತ್ರ ಇರೋನನ್ನ ಕೇಳು."

ಮೃತ್ಯುಂಜಯ ಕತ್ತು ಉದ್ದ ಮಾಡಿ, "ಏನಪ್ಪಾ ಬುಟ್ಟಿ, ನೀನು ಎಷ್ಟು ಜನ?" ಎಂದು ಕೂಗಿದ.

ಛೋಟನ್ ಗೋಡೆ ಕಡೆ ಮುಖ ತಿರುಗಿಸಿದ. ಹಾಲ್ ಕಾದಿತ್ತು. ಕೊನೆಗೆ ಗೊಣಗಿದ: "ಒಬ್ಬನೇ."

"ಹಾಗಾದ್ರೆ ಈಸ್!" ಎಂದ ಮೃತ್ಯುಂಜಯ, ಲಿಚಿಗಳ ಕೈ ಕೊಡವಿ.

ಈಗ ಬೇಬಿಗೆ ಕಾಲು ನೆಲಕ್ಕೆ ಸಿಕ್ಕಿತು. "ಇನ್ನು ನಮ್ಮ ಮನೆ ಮಾತಲ್ಲಿ ಹೇಳಿ ನೋಡೋಣ. ಲಿಚಿಗಳ ಬುಟ್ಟಿ ಭಾರವಾಗಿದೆ. ಯಾರು ಮೊದಲು ಬಂದ್ರು?"

"ಲಿಚಿಗಳು!"

"ಬುಟ್ಟಿ ಎಲ್ಲಿ ಬಂತು?"

"ಕ್ರಿಯಾಪದದ ಪಕ್ಕಕ್ಕೆ!"

"ಅದಕ್ಕೇ ನಮ್ಮ ಅಜ್ಜಿಯಂದಿರು ಒಂದಕ್ಷರ ಓದದೇನೂ ಇದರಲ್ಲಿ ತಪ್ಪು ಮಾಡ್ಲಿಲ್ಲ. ನಮ್ಮಲ್ಲಿ ಲಿಚಿಗಳು ಮುಂಚೇನೇ ಬಂದು ಒಂದು ಕಡೆ ಕೂತ್ಬಿಡ್ತವೆ. ಯಜಮಾನನೂ ಕೆಲಸಾನೂ ಮೈಗೆ ಮೈ ತಾಗಿಸ್ಕೊಂಡಿರ್ತಾರೆ. ನೀವು ದಡ್ಡರಾಗಿ ತಪ್ಪು ಮಾಡ್ತಿಲ್ಲ, ನಮ್ಮ ಮಾತಿನ ಅಭ್ಯಾಸ ಹಾಗಿದೆ. ಲಿಚಿಗಳೇ, ಗೋಡೆ ಕಡೆಗೆ ಸರೀರಿ. ಬುಟ್ಟಿ ಈ ಕಡೆ ಬರ್ಲಿ."

ಹುಡುಗರು ಹೊಟ್ಟೆ ಒಳಗೆಳೆದುಕೊಂಡು, ಒಬ್ಬರನ್ನೊಬ್ಬರು ತಳ್ಳಿಕೊಂಡು ಗೋಡೆಯತ್ತ ಸರಿದರು. ಛೋಟನ್ ಅವರ ನಡುವೆ ತೂರಿಕೊಂಡು ಬಂದು ಮೃತ್ಯುಂಜಯನ ಪಕ್ಕ ನಿಂತ. ಮೃತ್ಯುಂಜಯ ಅವನಿಗೆ ಜಾಗ ಕೊಡಲು ಓಣಿಗೇ ಇಳಿದ. ಆಗ ಬೇಬಿಗೆ ತಾನು ಮಾಡಿದ್ದೇನೆಂದು ಹೊಳೆಯಿತು. ಗೋಡೆಗೆ ಸಿಕ್ಕಿದ್ದವನನ್ನು ತಾನೇ ಕೈಹಿಡಿದು ಬಾಗಿಲ ದಾರಿಗೆ ತಂದು ಬಿಟ್ಟಿದ್ದಳು. ಅವನು ಹೋಗಬೇಕೆಂದರೆ ಈಗ ಯಾರೂ ಏಳಬೇಕಾಗಿರಲಿಲ್ಲ. ಬಲಗಡೆಯ ಗೋಡೆಯವರೆಲ್ಲ ಛೋಟನ್‌ನ ಮುಖವನ್ನೇ ನೋಡುತ್ತಿದ್ದರು.

ಛೋಟನ್ ಬಾಗಿಲು ನೋಡಿದ. ಬೋರ್ಡು ನೋಡಿದ. "ಮೇಡಂ," ಎಂದ, "ನಾನು ಇಷ್ಟು ವರ್ಷ ಇದನ್ನ ಮುಚ್ಚಿ ಮುಚ್ಚಿ ಸತ್ತೆ. ಇದು ಹೀಗೆ ಅಂತ ಕಿಂಡೀಲಿ ಯಾಕೆ ಹೇಳ್ಲಿಲ್ಲ?"

"ಕಿಂಡೀಲಿ ಬೆಂಚು ಎಲ್ಲಿತ್ತಪ್ಪಾ?"

ಅವನು ಅಲ್ಲೇ, ಓಣಿ ಬದಿಯ ಜಾಗದಲ್ಲಿ, ದಪ್ಪನೆ ಕೂತುಬಿಟ್ಟ. ಬಲಗಡೆಯವರು ಹೆಗಲ ಗಂಚಾ ತೆಗೆದು ಮುಖ ಒರೆಸಿಕೊಂಡರು. ಬೇಬಿಗೆ ಅಳು ಬಂತು. ಬೋರ್ಡಿನ ಕಡೆ ತಿರುಗಿ ಅದನ್ನು ನುಂಗಿಕೊಂಡಳು.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿದಳು. "ಆದ್ರೂ ಮೇಡಂ, ಕ್ರಿಯಾಪದ ಲಿಚಿಗಳ ಮಾತು ಕೇಳೋದೇ ಇಲ್ಲ ಅಂದ್ಮೇಲೆ ಮುಚ್ಚಿದ್ರೇನು, ಬಿಟ್ರೇನು?"

ಈ ಪ್ರಶ್ನೆ ಬಂದರೆ ಏನು ಹೇಳಬೇಕೆಂದು ಬೇಬಿ ಹಿಂದಿನ ದಿನವೆಲ್ಲ ತೊಳಲಾಡಿದ್ದಳು. ಉತ್ತರ ಗೊತ್ತಿತ್ತು. ಮಹಡಿಯ ಮೇಲೆ ಕೂತವರಿಗೆ ಅದು ಹಿಡಿಸುವುದಿಲ್ಲವೆಂಬುದೂ ಗೊತ್ತಿತ್ತು. ಒಂದು ಕ್ಷಣ ಕ್ಯಾಮೆರಾದತ್ತ ನೋಡಿ, ಹೊಸ ವಾಕ್ಯ ಬರೆದಳು: ಹಾಫ್ ಆಫ್ ದಿ ಲಿಚೀಸ್. ಖಾಲಿ ಗೆರೆ. ರಾಟನ್.

"ಲಿಚಿಗಳಲ್ಲಿ ಅರ್ಧ ಕೊಳೆತಿವೆ. ಈಗ ಹೆಬ್ಬೆರಳಿಡಿ. ಏನು ಉಳೀತು? ಅರ್ಧ. ಯಾವುದರ ಅರ್ಧ? ಹಾಲಲ್ಲಿ ಅರ್ಧನಾ, ಲಿಚಿಗಳಲ್ಲಿ ಅರ್ಧನಾ? ಅರ್ಧ ಅನ್ನೋನಿಗೆ ಸ್ವಂತ ಮೈ ಇಲ್ಲ. ಅವನನ್ನ ಕೇಳಿದ್ರೆ, ನಂಗೊತ್ತಿಲ್ಲ ಲಿಚಿಗಳನ್ನ ಕೇಳು ಅಂತಾನೆ. ಇಲ್ಲಿ ಕ್ರಿಯಾಪದ ಲಿಚಿಗಳ ಮಾತೇ ಕೇಳ್ಬೇಕು. ಅವು ಬಹಳ, ಅದಕ್ಕೇ ಆರ್. ಸಮ್, ಮೋಸ್ಟ್, ಆಲ್, ಇವರೂ ಇದೇ ಜಾತಿಯೋರು. ಮುಚ್ಚೋಕೆ ಮುಂಚೆ ಗೋಡೆ ಹತ್ರ ಯಾರು ನಿಂತಿದ್ದಾರೆ ನೋಡಿ. ನೋಡದೆ ಹೆಬ್ಬೆರಳಿಟ್ರೆ ಸತ್ತಿರಿ."

"ಥೂ! ಹೋದ ಸಲ ನನ್ನ ನಂಬರ್ ಹೋಗಿದ್ದು ಇಲ್ಲೇ!" ಎಂದು ಯಾರೋ ಬೆಂಚು ಗುದ್ದಿದ. ಇನ್ನೊಬ್ಬ, "ನಂದೂ!" ಎಂದ. ಆಮೇಲೆ ಪ್ರಶ್ನೆಗಳ ಮೇಲೆ ಪ್ರಶ್ನೆ. ಕರೆಂಟು ಹೋಯಿತು, ಜನರೇಟರಿನ ಗುಡುಗು ಶುರುವಾಯಿತು, ಯಾರೂ ಕದಲಲಿಲ್ಲ. ಪಾಠ ಮುಗಿಯಿತು ಎಂದು ಬೇಬಿ ಹೇಳಿದಾಗ ಹಾಲ್ ಹೇಗೆ ತುಂಬಿತ್ತೋ ಹಾಗೆಯೇ ತುಂಬಿತ್ತು.

ಚಪ್ಪಾಳೆಯ ನಡುವೆ ಛೋಟನ್ ವೇದಿಕೆಯ ಹತ್ತಿರ ಬಂದ. ಮುಖ ಸಣ್ಣಗಾಗಿತ್ತು.

"ಮೇಡಂ, ಒಂದು ಮಾತು. ನಾವು ಗಜೇಂದ್ರ ಸರ್ ಕಡೆಯೋರಲ್ಲ."

"ಮತ್ತೆ?"

"ಲಿಟ್ಟಿ ಕೊಡ್ಸಿದ್ದು ಉಪೇಂದ್ರ ಭೈಯಾ. ನೀವೇ ನೋಡಿದ್ರಲ್ಲ. ದೊಡ್ಡ ಸರ್ ಹೇಳಿದ್ದಾರೆ ಅಂದ್ರು. ಬೇಬಿ ಎದ್ಬಿಟ್ರೆ ಕಿಂಡೀಲಿ ಕೂರೋರು ಯಾರು, ಒಂದ್ಸಲ ಬಿದ್ರೆ ಸುಮ್ನಾಗ್ತಾಳೆ ಅಂತ."

ಬೇಬಿಗೆ ಬೆಳಿಗ್ಗೆ ತಾನು ಉಪೇಂದ್ರನಿಗೆ ಕೈ ಮುಗಿದಿದ್ದು ನೆನಪಾಗಿ ನಾಚಿಕೆಯಿಂದ ಮೈ ಉರಿಯಿತು. ಅಷ್ಟರಲ್ಲಿ ಮಹಡಿಯಿಂದ ತ್ರಿಪುರಾರಿ ಸರ್ ಇಳಿದು ಬಂದರು. ಬಿಳಿ ಕುರ್ತಾ, ಹಿಂದೆ ಉಪೇಂದ್ರ. ಹುಡುಗರೆಲ್ಲ ಎದ್ದು ನಿಂತು ಕೂತರು. ಸರ್ ಅವಳ ಕೈಯಿಂದ ಮೈಕು ತೆಗೆದುಕೊಂಡು, "ಕೂತ್ಕೋ ಬೇಬಿ, ದಣಿದಿದ್ದೀಯಾ" ಎಂದು ಮುಂದಿನ ಬೆಂಚು ತೋರಿಸಿದರು. ಅಲ್ಲಿ ಹುಡುಗಿಯರು ಒತ್ತರಿಸಿಕೊಂಡು ಒಳಗೆ ದಾರಿ ಬಿಟ್ಟರು. ಗೋಡೆಯ ಹತ್ತಿರ ಒಂದು ಜಾಗ ಖಾಲಿಯಿತ್ತು. ಬೇಬಿ ಹೋಗಿ ಅದರಲ್ಲಿ ಕೂತಳು.

"ನೋಡಿದ್ರಾ ಮಕ್ಕಳೇ?" ಸರ್ ಹೆಬ್ಬೆರಳೆತ್ತಿದರು. "ಇವಳು ಯಾರು? ನನ್ನ ಶಿಷ್ಯರಲ್ಲಿ ಒಬ್ಬಳು. ನನ್ನ ಕಿಂಡೀಲಿ ಕೂತವಳೇ ಇಷ್ಟು ಹೇಳೋದಾದ್ರೆ ನಾನೆಷ್ಟು ಹೇಳಿಯೇನು, ಯೋಚ್ನೆ ಮಾಡಿ. ಸೋಮವಾರದಿಂದ ಬೆಳಗಿನ ಬ್ಯಾಚು ಶುರು. ಪಾಠ ಟೀವೀಲಿ, ನಂದೇ. ನಿಮ್ಮ ಡೌಟುಗಳಿಗೆ ಬೇಬಿ ಇರ್ತಾಳೆ. ಇಂಥ ಡೌಟ್ ಮೇಡಂ ಈ ಗಲ್ಲೀಲಿ ಯಾರ ಹತ್ರ ಇದ್ದಾರೆ ಹೇಳಿ?"

ಚಪ್ಪಾಳೆ ಬಿತ್ತು. ಬೋರ್ಡಿನ ಹೆಸರಿನ ಸುದ್ದಿಯೇ ಇಲ್ಲ. ಉಪೇಂದ್ರ ಅವಳತ್ತ ನೋಡಿ ನಕ್ಕ. ಸರ್ ಬೋರ್ಡಿನ ಮೇಲಿದ್ದ ಲಿಚಿಗಳನ್ನು ಅಂಗೈಯಲ್ಲೇ ಒರೆಸಿ, ಬ್ಯಾಚಿನ ಸಮಯ ಬರೆಯಲು ತೊಡಗಿದರು. ಬೇಬಿಯ ಎದೆಯಲ್ಲಿ ಬೆಳಗಿನಿಂದ ಕುದಿಯುತ್ತಿದ್ದುದು ಒಮ್ಮೆಲೇ ನಿಂತಿತು. ಮುಂದಿನ ತಿಂಗಳು ಎಲ್ಲಿ, ಲಾಡ್ಜಿನ ಬಾಡಿಗೆಗೆ ಏನು, ಊರಿನಲ್ಲಿ ಅಮ್ಮನಿಗೆ ಏನು ಹೇಳುವುದು, ಯಾವುದನ್ನೂ ಅವಳು ಲೆಕ್ಕ ಹಾಕಲಿಲ್ಲ. ಎದ್ದು ನಿಂತಳು. ದುಪಟ್ಟಾದ ಧೂಳು ಫಟಫಟನೆ ಕೊಡವಿಕೊಂಡಳು.

"ಸ್ವಲ್ಪ ದಾರಿ ಬಿಡಮ್ಮಾ."

ಪಕ್ಕದ ಹುಡುಗಿ ಎದ್ದಳು, ಅವಳ ಪಕ್ಕದವಳು ಎದ್ದಳು, ಬೆಂಚೇ ಎದ್ದಿತು. ಏಳುವ ಪಾರ್ಟಿಯವರನ್ನು ಯಾವ ಕೋಚಿಂಗಿನವರೂ ಮುಂದಿನ ಬೆಂಚಿಗೆ ಬಿಡುತ್ತಿರಲಿಲ್ಲ, ಏಕೆಂದರೆ ಮುಂದಿನವರು ಎದ್ದರೆ ಹಿಂದಿನವರಿಗೆ ಬೋರ್ಡು ಕಾಣುವುದಿಲ್ಲ. ಎರಡನೆಯ ಬೆಂಚು ಬೋರ್ಡು ನೋಡಲು ಎದ್ದಿತು, ಮೂರನೆಯದು ಎರಡನೆಯದರ ಬೆನ್ನು ಕಂಡು ಎದ್ದಿತು.

"ಕೂತ್ಕೊಳಿ, ಕೂತ್ಕೊಳಿ!" ಸರ್ ಹೆಬ್ಬೆರಳು ಕೆಳಗೆ ಮಾಡಿ ಕೂಗಿದರು. "ಬೇಬಿ, ಎಲ್ಲಿಗೆ?"

ಅವಳು ಓಣಿಗೆ ಬಂದು ನಡೆದಳು. ಹಿಂದೆ ಬೆಂಚುಗಳು ಕಿರುಗುಟ್ಟುವ ಸದ್ದು ಬಾಗಿಲವರೆಗೂ ಬಂತು. ಎಲ್ಲರೂ ಮತ್ತೆ ಕೂರುತ್ತಿದ್ದಾರೋ, ಹೊರಡುತ್ತಿದ್ದಾರೋ ಅವಳಿಗೆ ತಿಳಿಯಲಿಲ್ಲ. ತಿರುಗಿ ನೋಡಲು ಧೈರ್ಯ ಸಾಲಲಿಲ್ಲ. ಮೆಟ್ಟಿಲಿಳಿದು ತನ್ನ ಕಿಂಡಿಯ ಮುಂದೆ ಬಂದು ನಿಂತಳು.

ಮೇಲಿಂದ ಚಪ್ಪಲಿಗಳ ಸದ್ದು ಇಳಿಯಿತು. ಮೊದಲು ಒಂದು ಜೊತೆ, ಆಮೇಲೆ ಮೆಟ್ಟಿಲು ತುಂಬ. ಎಲ್ಲರಿಗಿಂತ ಮುಂದೆ ಛೋಟನ್.

"ಈಗ ಎದ್ದು ಬರೋಕೆ ನಿನಗೆ ಲಿಟ್ಟಿ ಕೊಟ್ಟಿದ್ದು ಯಾರೋ?" ಎಂದಳು ಬೇಬಿ.

"ಇದಕ್ಕೆ ಯಾರೂ ಕೊಟ್ಟಿಲ್ಲ, ಮೇಡಂ. ನಾಳೆ ಎಲ್ಲಿ?"

ಬೇಬಿ ಗಲ್ಲಿಯ ಕಡೆ ನೋಡಿದಳು. ಗಲ್ಲಿಯ ಕೊನೆಯಲ್ಲಿ, ಬಿಸಿಲಿನ ಆಚೆ, ಗಂಗೆಯ ಕಡೆಗೆ ಹೋಗುವ ರಸ್ತೆ ಕಾಣುತ್ತಿತ್ತು.

"ಘಾಟಿನ ಮೆಟ್ಟಿಲ ಮೇಲೆ," ಎಂದಳು. "ಬಿಸಿಲೇರೋಕೆ ಮುಂಚೆ ಬನ್ನಿ. ಅಲ್ಲಿ ಬೆಂಚಿಲ್ಲ, ಗೋಡೆ ಇಲ್ಲ. ಹಿಡಿಸದಿದ್ರೆ ಒಬ್ಬೊಬ್ಬರೇ ಎದ್ದು ಹೋಗಬಹುದು, ಯಾರಿಗೂ ತೊಂದರೆ ಆಗಲ್ಲ."

"ಬೋರ್ಡಲ್ಲಿ ಏನಂತ ಬರೆಸೋದು?" ಹಿಂದಿನಿಂದ ಮೃತ್ಯುಂಜಯ ಕೇಳಿದ.

"ಬೇಬಿ ಅಂತ," ಎಂದು ಹೇಳಿ ಅವಳು ರಾಮಾಶೀಷ್ ಚಾಚಾನ ಅಂಗಡಿಯ ಕಡೆ ಹೊರಟಳು. ಬೆಳಗಿನಿಂದ ಎರಡು ತುತ್ತು ಬಿಟ್ಟರೆ ಏನೂ ತಿಂದಿರಲಿಲ್ಲ.